ಗೋಣು ಮುರಿಸಿಕೊಂಡವನ ಒಂದು ಕಾಗದ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ಒಂದು ಭಾನುವಾರ ನಿಮ್ಮ ಪತ್ರಿಕೆಯನ್ನು ಬಿಡಿಸಿದಾಗ ಒಳಗಿನಿಂದ ಹಳದಿ ಕರಪತ್ರವೊಂದು ನನ್ನ ತೊಡೆಯ ಮೇಲೆ ಬಿತ್ತು. ‘ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. 5000 ವರ್ಷಗಳ ಪ್ರಾಚೀನ ಕೈರೋಪ್ರಾಕ್ಟಿಕ್ ವಿದ್ಯೆ. ಸರಿದ ಎಲುಬು ಸ್ವಸ್ಥಾನಕ್ಕೆ. ಎಂಥ ತಲೆನೋವಾದರೂ ಒಂದೇ ಸಲಕ್ಕೆ ಮಾಯ.’ ಕೈರೋಪ್ರಾಕ್ಟಿಕ್ ಎಂದರೆ ಬೆನ್ನು, ಗೋಣಿನ ಕೀಲುಗಳನ್ನು ಒತ್ತಿ ತಿರುವಿ ಮಾಡುವ ಚಿಕಿತ್ಸೆ. ಕೆಳಗೆ ಕಲ್ಯಾಣ ಮಂಟಪದ ವಿಳಾಸ, ಮೂರು ದಿನದ ಶಿಬಿರ, ಮೊದಲು ಬಂದ ಐವತ್ತು ಜನರಿಗೆ ರಿಯಾಯಿತಿ. ಕರಪತ್ರವನ್ನು ನೀವು ಅಚ್ಚು ಹಾಕಿಲ್ಲ, ನಸುಕಿನಲ್ಲಿ ಪತ್ರಿಕೆ ಹಂಚುವ ಹುಡುಗರು ತುರುಕುತ್ತಾರೆ ಎಂಬುದು ನನಗೆ ಗೊತ್ತು. ಆದರೆ ಓದುವವನಿಗೆ ಅದು ನಿಮ್ಮ ಪತ್ರಿಕೆಯ ಹೊಟ್ಟೆಯಿಂದಲೇ ಬಂದಂತೆ ಕಾಣುತ್ತದೆ. ಹೋದ ವರ್ಷ ಇದೇ ಹಳದಿ ಬಣ್ಣದ ಕಾಗದವನ್ನು ನಂಬಿ ನಾನು ಹೋಗಿದ್ದೆ. ಆಗ ನಡೆದದ್ದನ್ನು ಬರೆಯದೆ ಈ ಸಲದ ಕಾಗದವನ್ನು ಹರಿದೆಸೆಯಲು ಮನಸ್ಸು ಬರಲಿಲ್ಲ. ಪತ್ರ ಉದ್ದವಾಗುತ್ತದೆ. ಕತ್ತರಿಸುವುದಾದರೆ ನನ್ನ ಹೆಂಡತಿಯ ಮಾತುಗಳನ್ನು ಮಾತ್ರ ಕತ್ತರಿಸಬೇಡಿ, ಮನೆಯಲ್ಲಿ ಓದಿ ತೋರಿಸಬೇಕು.

ನನಗೆ 57 ವರ್ಷ. ಇಳಕಲ್ಲಿನಲ್ಲಿ ಕುಣಿ ಮಗ್ಗದ ಮೇಲೆ ಸೀರೆ ನೇಯುವುದು ನನ್ನ ಕೆಲಸ. ಹದಿನೇಳನೆಯ ವಯಸ್ಸಿನಲ್ಲಿ ಕುಣಿಗೆ ಕಾಲಿಳಿಸಿದವನು ನಲವತ್ತು ವರ್ಷವಾದರೂ ಮೇಲೆ ಬಂದಿಲ್ಲ. ಕಾಲು ಕುಣಿಯಲ್ಲಿ, ಬಲಗೈ ಲಾಳಿಯ ಹಗ್ಗದ ಮೇಲೆ, ಎಡಗೈ ಫಣಿಯ (ಎಳೆ ಬಡಿದು ಕೂಡಿಸುವ ಬಾಚಣಿಗೆಯಂಥ ಚೌಕಟ್ಟು) ಮೇಲೆ, ಕಣ್ಣು ದಡಿಯ ಮೇಲೆ. ಗೋಣು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಮನುಷ್ಯನ ತಲೆ ಸುಮಾರು ಐದು ಕಿಲೋ ತೂಗುತ್ತದೆಯಂತೆ. ಐದು ಕಿಲೋ ಜೋಳದ ಚೀಲವನ್ನು ನೆಟ್ಟಗೆ ಹೊತ್ತರೆ ಏನೂ ಅನ್ನಿಸುವುದಿಲ್ಲ. ಅದನ್ನೇ ಮುಂದಕ್ಕೆ ಚಾಚಿ ಹಿಡಿದು ನಿಂತು ನೋಡಿ. ನಮ್ಮ ಸೀರೆಗೆ ಇನ್ನೊಂದು ತಾಪತ್ರಯವಿದೆ. ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಕಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಹೆಂಡತಿಯದು. ಅವಳು ಕೊಂಡಿಗೆ ಕೂತರೆ ಗಲ್ಲ ಎದೆಗೆ ತಾಗಿರುತ್ತದೆ. ಸಂಜೆ ತಲೆಗೆ ಬಟ್ಟೆ ಬಿಗಿದುಕೊಂಡು ರೊಟ್ಟಿ ಬಡಿಯುತ್ತಾಳೆ. ನಮ್ಮ ಓಣಿಯಲ್ಲಿ ತಲೆಗೆ ಬಟ್ಟೆ ಕಟ್ಟದ ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ನನ್ನ ನೋವು ಏಳು ವರ್ಷಗಳ ಹಿಂದೆ ಶುರುವಾಯಿತು. ತಲೆಬುರುಡೆ ಮುಗಿದು ಗೋಣು ಆರಂಭವಾಗುವ ಕಡೆ, ಬಲಗಡೆ, ಕೂದಲ ಗಡಿಯಲ್ಲಿ ಮೊದಲು ಬಿಗಿಯುತ್ತದೆ. ಅಲ್ಲಿಂದ ಕಿವಿಯ ಮೇಲೆ ಹತ್ತಿ, ಬಲಗಣ್ಣಿನ ಹಿಂದೆ ಬಂದು ಕೂತುಬಿಡುತ್ತದೆ. ಒಮ್ಮೆಯೂ ಎಡಗಡೆಗೆ ಹೋಗಿಲ್ಲ. ಬಲಗಡೆಯ ಭುಜವೂ ಭಾರ. ಕಣ್ಣಿನ ಹಿಂದೆ ನೋವು ಎಂದ ಮೇಲೆ ಕಣ್ಣಿನ ವೈದ್ಯರ ಬಳಿ ಹೋದೆ, ಕನ್ನಡಕ ಬದಲಾಯಿತು. ಆಮೇಲೆ ಸೈನಸ್ ಎಂದರು, ಎಕ್ಸ್-ರೇ ಆಯಿತು. ಇನ್ನೊಬ್ಬರು ಅರೆತಲೆ ನೋವು ಎಂದರು, ಅದಕ್ಕೂ ಗುಳಿಗೆ ನುಂಗಿದೆ. ಮೂರು ಸೀರೆಯ ಕೂಲಿಯನ್ನು ಮೀರಿ ಖರ್ಚು ಮಾಡಿ ಮೆದುಳಿನ ಸ್ಕ್ಯಾನ್ ಮಾಡಿಸಿದೆ. ಮೆದುಳು ಸರಿಯಾಗಿದೆ ಎಂದು ಬರೆದುಕೊಟ್ಟರು. ಹೆಂಡತಿಗೆ ಆ ವರದಿಯ ಮೇಲೆ ಈಗಲೂ ಅನುಮಾನವಿದೆ. ಇಷ್ಟು ಜನರಲ್ಲಿ ಒಬ್ಬರೂ ನನ್ನ ಕುತ್ತಿಗೆಯನ್ನು ಮುಟ್ಟಿ ನೋಡಲಿಲ್ಲ, ದಿನವಿಡೀ ಹೇಗೆ ಕೂರುತ್ತೀಯಾ ಎಂದು ಕೇಳಲಿಲ್ಲ. ಕೊನೆಗೆ ಔಷಧ ಅಂಗಡಿಯ ಗುಳಿಗೆಯೇ ಗತಿಯಾಯಿತು. ಬೆಳಿಗ್ಗೆ ಚಹಾ, ಚಹಾದ ಮೇಲೆ ಒಂದು ಗುಳಿಗೆ, ಆಮೇಲೆ ಮಗ್ಗ. ಹತ್ತು ಗುಳಿಗೆಯ ಪಟ್ಟಿ ಒಂದು ವಾರವೂ ಬರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೋದ ವರ್ಷದ ಹಳದಿ ಕಾಗದ ಬಂತು. ನಾನು ಹೋದೆ. ಮಂಟಪದಲ್ಲಿ ಊಟದ ಟೇಬಲ್‌ಗಳನ್ನು ಗೋಡೆಗೆ ಸರಿಸಿ, ನಡುವೆ ಮಡಚುವ ಮಂಚವೊಂದನ್ನು ಹಾಕಿದ್ದರು. ಹೆಸರು ಬರೆಸಿ 800 ರೂಪಾಯಿ ಕಟ್ಟಿ ಕೂತೆ. ನನ್ನ ಸರದಿ ಬಂದಾಗ ಆ ಮಹಾಶಯರು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ನೋವು?’ ರಕ್ತದೊತ್ತಡ ಇದೆಯೇ, ತಲೆ ತಿರುಗುತ್ತದೆಯೇ, ಯಾವಾಗಲಾದರೂ ಬಿದ್ದಿದ್ದೀಯಾ, ಏನು ಔಷಧ ನುಂಗುತ್ತೀಯಾ, ಒಂದೂ ಇಲ್ಲ. ಕೇಳಿದ್ದರೆ, ರಕ್ತದೊತ್ತಡಕ್ಕೆ ನಾಲ್ಕು ವರ್ಷದಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳುತ್ತಿದ್ದೆ. ಒಬ್ಬ ಹುಡುಗ ನನ್ನ ಅಂಗಿಯ ಕೊರಳಪಟ್ಟಿಗೆ ಸಣ್ಣ ಮೈಕ್ ಸಿಕ್ಕಿಸಿದ. ಹೆಸರು ಹೇಳಬೇಕೇನೋ ಎಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಗಲ್ಲಕ್ಕೊಂದು ಕೈ, ತಲೆಯ ಹಿಂದೆ ಒಂದು ಕೈ, ಒಂದೇ ತಿರುವು. ಟಕ್. ಇನ್ನೊಂದು ಕಡೆ, ಟಕ್ ಟಕ್. ಮೈಕ್ ಇದ್ದದ್ದು ನನ್ನ ಮಾತಿಗಲ್ಲ, ನನ್ನ ಗೋಣಿನ ಸದ್ದಿಗೆ ಎಂಬುದು ವಾರದ ನಂತರ ತಿಳಿಯಿತು. ಅಣ್ಣನ ಮಗ ಮೊಬೈಲ್ ಹಿಡಿದುಕೊಂಡು ಬಂದು, ‘ಕಾಕಾ, ನೀವು ಬಂದಿದ್ದೀರಿ’ ಎಂದು ತೋರಿಸಿದ. ಸದ್ದನ್ನು ಹಿಗ್ಗಿಸಿ, ಎರಡೆರಡು ಸಲ ನಿಧಾನಗತಿಯಲ್ಲಿ ತೋರಿಸಿದ್ದರು. ನನ್ನ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಎಷ್ಟೋ ಸಾವಿರ ಜನ ನೋಡಿದ್ದರು. ನಲವತ್ತು ವರ್ಷ ನೇಯ್ದ ಸೀರೆಗೆ ಬಾರದ ಹೆಸರು ಗೋಣಿನ ಲಟಿಕೆಗೆ ಬಂತು.

ಸುಳ್ಳು ಹೇಳಬಾರದು. ಮೊದಲ ಸಲ ಹಗುರವಾಯಿತು. ಎರಡು ದಿನ ಬಲಗಣ್ಣು ಹೊಸದಾಗಿ ಬಂದಂತಿತ್ತು. ಅದಕ್ಕೇ ಮೂರನೆಯ ದಿನ, ಶಿಬಿರ ಮುಗಿಯುವ ಮುನ್ನ, ಮತ್ತೆ 800 ರೂಪಾಯಿ ಹಿಡಿದುಕೊಂಡು ಓಡಿದೆ. ಆ ಸಲ ತಿರುವಿದ ಮರುಗಳಿಗೆಯಲ್ಲಿ ಮಂಟಪದ ಛಾವಣಿ ತೊಟ್ಟಿಲಿನಂತೆ ತೂಗಿತು. ಎದುರಿಗಿದ್ದ ಹುಡುಗ ಇಬ್ಬರಾಗಿ ಕಂಡ. ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ‘ಏನೂ ಆಗಿಲ್ಲ, ಒಳಗಿನ ವಿಷ ಹೊರಗೆ ಹೋಗುತ್ತಿದೆ’ ಎಂದರು. ಆಟೋದಲ್ಲಿ ಮನೆಗೆ ಬಂದು ಮಲಗಿದೆ. ರಾತ್ರಿಯ ಹೊತ್ತಿಗೆ ಇಳಿಯಿತು. ಮೂರು ದಿನ ಬಿಟ್ಟು ತಲೆನೋವು ತನ್ನ ಹಳೆಯ ಜಾಗಕ್ಕೆ ಬಂದು ಕೂತಿತು.

ನನ್ನ ತಂಗಿಯ ಮಗಳು ಬೆಳಗಾವಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಕೊನೆಯ ವರ್ಷ. ಸುದ್ದಿ ತಿಳಿದು ಫೋನ್ ಮಾಡಿದಳು. ಸಣ್ಣವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ಹುಡುಗಿ, ಇಪ್ಪತ್ತು ನಿಮಿಷ ನನ್ನನ್ನು ಬೈದಳು. ‘ಮಾಮಾ, ಗೋಣು ತಿರುವಿದ ಮೇಲೆ ತಲೆ ಸುತ್ತಿ, ಒಂದು ಎರಡಾಗಿ ಕಂಡು, ವಾಂತಿಯಾದರೆ ಮನೆಗೆ ಹೋಗಿ ಮಲಗುವುದಲ್ಲ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಕೇಳುವುದೇ ಬೇಡ.’ ಯಾಕೆ ಎಂದು ಕೇಳಿದೆ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬುಗಳ ಪಕ್ಕದ ತೂತುಗಳೊಳಗಿಂದಲೇ ಮೇಲೇರುತ್ತವಂತೆ, ಫಣಿಯ ಹಲ್ಲುಗಳ ನಡುವೆ ಎಳೆ ಸಾಗಿದ ಹಾಗೆ. ತುದಿಯ ಎಲುಬಿನ ಹತ್ತಿರ ಬಳುಕಿ ತಲೆಬುರುಡೆಯೊಳಗೆ ಹೋಗುತ್ತವೆ. ಜೋರಾಗಿ ತಿರುವಿದಾಗ ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಇದು ಅಪರೂಪ ಎಂಬುದನ್ನೂ ಅವಳೇ ಹೇಳಿದಳು. ನಾಳ ಮೊದಲೇ ಹರಿದು ಅದರಿಂದಲೇ ಕುತ್ತಿಗೆ ನೋಯುತ್ತಿರುವ ಕೆಲವರು, ನೋವಿಗೆಂದು ಗೋಣು ತಿರುವಿಸಿಕೊಳ್ಳಲು ಹೋಗುವುದೂ ಉಂಟು. ಹಾಗಾಗಿ ಎಷ್ಟು ಪಾಲು ತಿರುವಿನಿಂದ, ಎಷ್ಟು ಪಾಲು ಮೊದಲೇ ಇದ್ದದ್ದು ಎಂಬ ಬಗ್ಗೆ ವೈದ್ಯರಲ್ಲೇ ವಾದವಿದೆಯಂತೆ. ಅಮೆರಿಕದ ಹೃದಯ ಸಂಘ 2014ರಲ್ಲಿ, ಈ ಸಂಬಂಧದ ಬಗ್ಗೆ ತಿರುವುವ ಮುನ್ನವೇ ರೋಗಿಗೆ ಹೇಳಬೇಕು ಎಂದು ಸಲಹೆ ಕೊಟ್ಟಿದೆ. ನನಗೆ ಹೇಳಿದ್ದು ‘ಉಸಿರು ಬಿಡಿ’ ಎಂದಷ್ಟೇ.

2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು, ಕೊನೆಗೆ ಗೋಣು ತಿರುವಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಓದಿ ‘ಅಯ್ಯೋ ಪಾಪ’ ಎಂದು ಪುಟ ತಿರುಗಿಸಿದವನು ನಾನೇ. ನಮ್ಮ ಓಣಿಯ ಕ್ಷೌರಿಕ ನನ್ನ ಬಾಲ್ಯದ ಗೆಳೆಯ. ಗಡ್ಡ ಹೆರೆದ ಮೇಲೆ ಎರಡು ಕಡೆ ಗೋಣು ಲಟಲಟ ಅನ್ನಿಸುವುದು ಅವನ ಪ್ರೀತಿಯ ಕಾಣಿಕೆ, ಅದಕ್ಕೆ ದುಡ್ಡಿಲ್ಲ. ಈಗ ಬೇಡ ಎಂದರೆ ಸಿಟ್ಟು ಮಾಡಿಕೊಳ್ಳುತ್ತಾನೆ. ಅವನ ಸಿಟ್ಟು ಒಂದು ಗಡ್ಡದ ಮಟ್ಟಿಗೆ. ಬಳ್ಳಾರಿಯ ಸುದ್ದಿಯನ್ನು ಅವನಿಗೆ ಓದಿ ಹೇಳಿದ್ದೇನೆ, ಈಗ ಹೊಸ ಗಿರಾಕಿಗಳಿಗೆ ಮಾಡುವುದನ್ನು ನಿಲ್ಲಿಸಿದ್ದಾನೆ. ಹಳಬರು ಬಿಡುತ್ತಿಲ್ಲ.

ನಮ್ಮ ಸೀಮೆಗೆ ಇದೆಲ್ಲ ಹೊಸದೂ ಅಲ್ಲ. ಚಳಕು ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದೆಸಿಕೊಳ್ಳುವುದನ್ನು ನೋಡುತ್ತಲೇ ಬೆಳೆದವರು ನಾವು. ನಮ್ಮ ಅಜ್ಜಿ ಹಾಗೆ ಹುಟ್ಟಿದವಳು. ಬೆಳಗಾದರೆ ಅಂಗಳದಲ್ಲಿ ಮೂರು ನಾಲ್ಕು ಮಂದಿ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಅವಳು ಯಾರ ಗೋಣನ್ನೂ ಮುಟ್ಟುತ್ತಿರಲಿಲ್ಲ. ‘ಗೋಣು ದೇವರದು’ ಎನ್ನುತ್ತಿದ್ದಳು.

ಸೊಸೆಯ ಒತ್ತಾಯಕ್ಕೆ ಬಾಗಲಕೋಟೆಗೆ ಹೋದೆ. (ತಂಗಿಯ ಮಗಳನ್ನು ಸೊಸೆ ಎಂದೇ ಕರೆಯುವುದು ನಮ್ಮ ರೂಢಿ.) ಮೊದಲು ನರರೋಗ ವೈದ್ಯರು ನೋಡಿ ಅಪಾಯದ ಲಕ್ಷಣ ಯಾವುದೂ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡರು, ಕುತ್ತಿಗೆಯ ರಕ್ತನಾಳದ ಪರೀಕ್ಷೆಯೂ ಆಯಿತು. ಆಮೇಲೆ ಫಿಸಿಯೋಥೆರಪಿ ವಿಭಾಗ. ಅಲ್ಲಿದ್ದ ಹೆಣ್ಣುಮಗಳಿಗೆ ಮೂವತ್ತು ವರ್ಷವೂ ಇರಲಿಕ್ಕಿಲ್ಲ. ಮುಕ್ಕಾಲು ಗಂಟೆ ಬರೀ ಕೇಳಿದಳು, ನೋಡಿದಳು. ಮಗ್ಗದ ಮುಂದೆ ಹೇಗೆ ಕೂರುತ್ತೀರಿ ಎಂದು ನೆಲದ ಮೇಲೆ ಕೂರಿಸಿಯೇ ನೋಡಿದಳು. ನಂತರ ಅಂಗಾತ ಮಲಗಿಸಿ, ಗಲ್ಲ ಎದೆಗೆ ಬರುವಂತೆ ಗೋಣನ್ನು ಪೂರ್ತಿ ಮಡಚಿ, ಹಾಗೇ ಹಿಡಿದುಕೊಂಡು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಸರಾಗ. ಬಲಕ್ಕೆ ತಿರುಗಿಸಿದಾಗ ಅರ್ಧದಲ್ಲೇ ನಿಂತಿತು, ಬಾಗಿಲಿಗೆ ಅಗಳಿ ಹಾಕಿದಂತೆ. ಗೋಣನ್ನು ಹೀಗೆ ಮಡಚಿದಾಗ ಕೆಳಗಿನ ಕೀಲುಗಳು ಬಿಗಿದುಕೊಂಡು, ತಿರುಗುವ ಕೆಲಸವೆಲ್ಲ ಮೇಲಿನ ಎರಡು ಎಲುಬುಗಳ ನಡುವಿನ ಕೀಲಿಗೆ ಬೀಳುತ್ತದಂತೆ. ಸರಿ ಇದ್ದವರಿಗೆ ಪ್ರತಿ ಕಡೆಗೂ 40 ಡಿಗ್ರಿಗಿಂತ ತುಸು ಹೆಚ್ಚು ತಿರುಗಬೇಕು. ಕೊನೆಗೆ ತಲೆಬುರುಡೆಯ ಬುಡದಲ್ಲಿ, ಬಲಗಡೆ, ಹೆಬ್ಬೆರಳಿನಿಂದ ಒಂದು ಜಾಗವನ್ನು ಮೆಲ್ಲಗೆ ಒತ್ತಿ ಹಿಡಿದಳು. ನನ್ನ ಬಲಗಣ್ಣಿನ ಹಿಂದಿನ ನೋವು ಎದ್ದು ಬಂತು. ಬೆರಳು ತೆಗೆದಳು, ಇಳಿಯಿತು. ಮತ್ತೆ ಒತ್ತಿದಳು, ಬಂತು. ಏಳು ವರ್ಷ ಕಣ್ಣು, ಮೂಗು, ಮೆದುಳು ಎಂದು ಹುಡುಕಿದ್ದು ಅವಳ ಹೆಬ್ಬೆರಳಿನ ಕೆಳಗೆ ಸಿಕ್ಕಿತು. ನನಗೆ ಅಳು ಬಂತೋ ನಗು ಬಂತೋ ನೆನಪಿಲ್ಲ. ‘ಅದೇ, ಅದೇ’ ಎಂದು ಕೂಗಿದ್ದು ಮಾತ್ರ ಪಕ್ಕದ ಕೋಣೆಗೂ ಕೇಳಿಸಿತಂತೆ.

ನೋವು ಕುತ್ತಿಗೆಯಲ್ಲಿದ್ದರೆ ಕಣ್ಣಿನ ಹಿಂದೆ ಯಾಕೆ ಕಾಣಿಸಿಕೊಳ್ಳುತ್ತದೆ ಎಂದು ಸೊಸೆಯನ್ನು ಕೇಳಿದೆ. ಕುತ್ತಿಗೆಯ ಮೇಲಿನ ಮೂರು ನರಗಳೂ ಹಣೆ-ಕಣ್ಣಿನ ಕಡೆಯಿಂದ ಬರುವ ನರವೂ ಒಳಗೆ ಒಂದೇ ಕಡೆ ಬಂದು ಕೂಡುತ್ತವಂತೆ. ಮೆದುಳಿಗೆ ಯಾವ ಎಳೆ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ಫಕ್ಕನೆ ಹೊಳೆಯಿತು: ಇದು ಕೊಂಡಿ! ಒಡಲಿನ ಎಳೆ ಜಗ್ಗಿದರೆ ಸೆರಗು ಸುಕ್ಕಾಗುತ್ತದೆ. ಸೆರಗನ್ನೇ ತಿಕ್ಕಿ ತಿಕ್ಕಿ ಇಸ್ತ್ರಿ ಮಾಡಿದರೆ ಏನು ಬಂತು? ಈ ತಲೆನೋವಿಗೆ ಪ್ರತ್ಯೇಕ ಹೆಸರು ಕೊಟ್ಟವರು ಓಟಾರ್ ಶೋಸ್ಟಾಡ್ ಎಂಬ ನಾರ್ವೆಯ ನರತಜ್ಞರು, 1983ರಲ್ಲಿ. ಸರ್ವೈಕೋಜೆನಿಕ್ ಎಂದರೆ ಕುತ್ತಿಗೆಯಲ್ಲಿ ಹುಟ್ಟಿದ್ದು. ಕುತ್ತಿಗೆ ಹುಟ್ಟೂರು, ತಲೆ ಗಂಡನ ಮನೆ ಎಂದು ನನ್ನ ಹೆಂಡತಿ ಅರ್ಥ ಹೇಳಿದಳು.

ಚಿಕಿತ್ಸೆಯಲ್ಲಿ ಟಕ್ ಎಂಬ ಸದ್ದೇ ಇರಲಿಲ್ಲ. ಆ ಹೆಣ್ಣುಮಗಳು ಅದೇ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ, ತಾಳ ಹಾಕಿದಂತೆ, ಒತ್ತಿ ಬಿಡುತ್ತಿದ್ದಳು. ಆಮೇಲೆ ವ್ಯಾಯಾಮ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇದೆಯಲ್ಲ, ಹೆಚ್ಚುಕಡಿಮೆ ಅಂಥದೇ ಗಾಳಿಚೀಲವನ್ನು ಗೋಣಿನ ಕೆಳಗೆ ಇಟ್ಟು ಮುಳ್ಳು 20ಕ್ಕೆ ಬರುವಷ್ಟು ಗಾಳಿ ತುಂಬಿ ಮಲಗಿಸುತ್ತಾರೆ. ತಲೆ ಎತ್ತದೆ, ಹೌದು ಎನ್ನುವಾಗ ಗಲ್ಲ ಆಡುತ್ತದಲ್ಲ, ಅಷ್ಟೇ ಅಷ್ಟು ಗಲ್ಲ ಒಳಗೆ ಎಳೆದುಕೊಳ್ಳಬೇಕು. ಮುಳ್ಳು 22ಕ್ಕೆ ಬರಬೇಕು, ಹತ್ತು ಸೆಕೆಂಡು ಅಲ್ಲಾಡದೆ ನಿಲ್ಲಬೇಕು. ಹೀಗೆ ಹತ್ತು ಸಲ. ಸುಲಭ ಎಂದುಕೊಂಡೆ. ಮೂರನೆಯದಕ್ಕೇ ಮುಳ್ಳು ಗಡಗಡ ನಡುಗಿತು. ನಲವತ್ತು ವರ್ಷ ತಲೆ ಹೊತ್ತ ಗೋಣಿಗೆ ಒಳಗಡೆ ಇಷ್ಟೂ ಕಸುವಿಲ್ಲ ಎಂಬುದು ಆಗ ತಿಳಿಯಿತು. 22ರಿಂದ 24, 26 ಎಂದು ಏರಿಸುತ್ತಾ 28ಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಮನೆಯಲ್ಲಿ ಮಡಚಿದ ಟವೆಲ್ ಇಟ್ಟುಕೊಂಡು ಮಾಡುತ್ತೇನೆ. ಹೆಂಡತಿ ನೋಡಿ ಹೇಳಿದ್ದು: ‘ಮೂವತ್ತಮೂರು ವರ್ಷ ನನ್ನ ಒಂದು ಮಾತಿಗೂ ಗೋಣು ಹಾಕದವರು ಈಗ ಟವೆಲ್ಲಿಗೆ ಹಾಕುತ್ತಿದ್ದೀರಿ.’

ಗುಳಿಗೆಯ ವಿಷಯ ಇದಕ್ಕಿಂತ ಕಷ್ಟದ್ದಾಗಿತ್ತು. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಗುಳಿಗೆಯೇ ತಲೆನೋವು ತರುತ್ತದೆ ಎಂದರು ವೈದ್ಯರು. ಎರಡು ಮೂರು ಔಷಧ ಬೆರೆತ ಗುಳಿಗೆಯಾದರೆ ತಿಂಗಳಿಗೆ ಹತ್ತು ದಿನವೇ ಸಾಕಂತೆ. ನಾನು ನುಂಗುತ್ತಿದ್ದದ್ದು ದಿನವೂ! ಅವರ ನಿಗಾದಲ್ಲೇ ಬಿಟ್ಟೆ. ಮೊದಲ ಹತ್ತು ದಿನ ತಲೆ ಸಿಡಿಯಿತು, ಮಗ್ಗದ ಸದ್ದು ಕೇಳಿದರೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಅಂಟಿಕೊಂಡೇ ಮೂರು ಮಗ್ಗಗಳಿವೆ. ಆ ಹತ್ತು ದಿನ ತಂಗಿಯ ಮನೆಯಲ್ಲಿದ್ದೆ.

ವಾರಕ್ಕೆ ಎರಡು ಸಲ ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆ. ಬಸ್ಸಿನಲ್ಲಿ ಹೋಗಿಬರುವುದರಲ್ಲೇ ಒಂದು ದಿನ ಸೋರಿಹೋಗುತ್ತದೆ, ಅಂದರೆ ವಾರದಲ್ಲಿ ಎರಡು ದಿನ ಕೂಲಿಯಿಲ್ಲ. (ಅಮೀನಗಡದಲ್ಲಿ ಇಳಿದು ಕರದಂಟು ಕೊಳ್ಳುವ ಚಪಲಕ್ಕೆ ಆದ ಖರ್ಚನ್ನು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಿಲ್ಲ.) ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಸೀಸದಕಡ್ಡಿಯಿಂದ ಗೆರೆ ಹಾಕಲು ಹೇಳಿದ್ದರು. ಮೊದಲ ತಿಂಗಳು ಹತ್ತೊಂಬತ್ತು ಗೆರೆ. ನಾಲ್ಕನೆಯ ತಿಂಗಳು ಏಳು. ಹೋದ ತಿಂಗಳು ಐದು. ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ಅವರೂ ಹೇಳಿಲ್ಲ. ಮಗ್ಗದಲ್ಲಿ ಕೂರುವ ಹಲಗೆಯ ಮೇಲೆ ದಪ್ಪನೆಯ ದಿಂಬು ಬಂದಿದೆ, ಬೆನ್ನ ಹಿಂದಿದ್ದ ದೀಪ ದಡಿಯ ಮೇಲಕ್ಕೆ ಬಂದಿದೆ. ನಾಲ್ಕು ಬೆರಳು ನೇಯ್ದ ಮೇಲೆ ಎದ್ದು ಒಂದು ಸುತ್ತು ಹಾಕುತ್ತೇನೆ. ಹೆಂಡತಿಗೂ ಕೊಂಡಿಯ ನಡುವೆ ಏಳಲು ಹೇಳಿದೆ. ಎದ್ದರೆ ಎಳೆಯ ಲೆಕ್ಕ ತಪ್ಪುತ್ತದೆ ಎನ್ನುತ್ತಾಳೆ. ಅವಳ ತಲೆಯ ಬಟ್ಟೆ ಇನ್ನೂ ಇಳಿದಿಲ್ಲ.

ಇಷ್ಟು ಓದಿದವರು ನಾನು ಕೈರೋಪ್ರಾಕ್ಟಿಕ್‌ನ ವೈರಿ ಎಂದು ತಿಳಿದಿರಬಹುದು. ಹಾಗಿಲ್ಲ. ಮೊದಲು ಆ 5000 ವರ್ಷದ ಮಾತು. ಇದನ್ನು ಆರಂಭಿಸಿದವರು ಡೇನಿಯಲ್ ಡೇವಿಡ್ ಪಾಮರ್, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ, 1895ರಲ್ಲಿ. ಮೊದಲ ರೋಗಿ ಬಂದದ್ದು ತಲೆನೋವಿಗಲ್ಲ, ಕಿವುಡಿಗೆ. ಹೆಸರು ಗ್ರೀಕ್ ಮಾತಿನದು, ಕೈಯಿಂದ ಮಾಡುವುದು ಎಂದು ಅರ್ಥ. ನಮ್ಮ ಓಣಿಯವರು ‘ಕೈಯಿಂದ ಮಾಡುತ್ತಾರೆ, ಅದಕ್ಕೇ ಕೈರೋ’ ಎಂದಾಗ ನಕ್ಕಿದ್ದೆ. ಅವರು ಗೊತ್ತಿಲ್ಲದೆಯೇ ಸರಿ ಹೇಳಿದ್ದರು. ಅಮೆರಿಕದಲ್ಲಿ ಈ ವೃತ್ತಿಗೆ ಪದವಿ ಬೇಕು, ಎಲ್ಲ ರಾಜ್ಯಗಳಲ್ಲೂ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ 1994ರ ಕಾಯ್ದೆಯೇ ಇದೆ. ಹಾಗೆ ಕಲಿತವರು ಮಾಡಿದರೆ ಕುತ್ತಿಗೆಯ ತಲೆನೋವಿಗೆ ಉಪಯೋಗವಿದೆ ಎಂದು ಸೊಸೆಯ ಪುಸ್ತಕಗಳೂ ಹೇಳುತ್ತವೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ತಲೆನೋವಿನ 256 ಜನರಿದ್ದರು. ಆರು ವಾರದಲ್ಲಿ 18 ಸಲ ಕೈರೋಪ್ರಾಕ್ಟಿಕ್ ಚಿಕಿತ್ಸೆ ಪಡೆದವರಿಗೆ ನೋವಿನ ದಿನಗಳು ನಾಲ್ಕು ವಾರಕ್ಕೆ ಸುಮಾರು 16 ಇದ್ದದ್ದು 8ಕ್ಕೆ ಇಳಿಯಿತು. ಅದಕ್ಕೂ ಮೊದಲು, 2002ರಲ್ಲಿ, ಆಸ್ಟ್ರೇಲಿಯಾದವರು 200 ಜನರ ಮೇಲೆ ನೋಡಿದ್ದರು. ಅಲ್ಲಿ ಮಾಡಿದವರು ಫಿಸಿಯೋಥೆರಪಿಸ್ಟರು. ಕೈಚಿಕಿತ್ಸೆಯಿಂದಲೂ ನಾನು ಮಾಡುತ್ತಿರುವಂಥ ವ್ಯಾಯಾಮದಿಂದಲೂ ಆದ ಲಾಭ ವರ್ಷದ ಕೊನೆಯವರೆಗೂ ಉಳಿದಿತ್ತು. ಹದಿನೆಂಟು ಸಲ ಮಾಡಿದರೆ ಅರ್ಧ ಕಡಿಮೆ. ನಮ್ಮ ಕರಪತ್ರದಲ್ಲಿ ಒಂದೇ ಸಲಕ್ಕೆ ಮಾಯ!

ಇನ್ನು ಆ ಸದ್ದು. ಎಲುಬು ತನ್ನ ಜಾಗಕ್ಕೆ ಹೋಗಿ ಕೂರುವ ಸದ್ದು ಎಂದು ಅವರು ಹೇಳಿದರು, ನಾನೂ ಹತ್ತು ಜನರಿಗೆ ಹೇಳಿದೆ. ಎಲುಬು ಸರಿದಿರಲೂ ಇಲ್ಲ, ಕೂರಲೂ ಇಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಏಳುವಾಗ ಬರುವ ಸದ್ದದು, ಬೆರಳಿನ ಲಟಿಕೆ ಮುರಿದ ಹಾಗೆಯೇ. ಕೆನಡಾದವರು 2015ರಲ್ಲಿ ಬೆರಳಿನ ಲಟಿಕೆಯನ್ನು ಎಂಆರ್‌ಐ ಯಂತ್ರದೊಳಗೆ ಚಿತ್ರೀಕರಿಸಿ ತೋರಿಸಿದ್ದಾರೆ. ಸದ್ದು ಬಂದರೆ ಗುಣವಾಯಿತು ಎಂದಿದ್ದರೆ ನಮ್ಮ ಅಂಗಳದಲ್ಲಿ ಕೂತು ಬೆರಳು ಮುರಿದು ದೃಷ್ಟಿ ತೆಗೆಯುವ ಮುದುಕಿಯರಿಗೆಲ್ಲ ವೈದ್ಯ ಪದವಿ ಕೊಡಬೇಕಾಗುತ್ತದೆ.

ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆಂದು ಕಾನೂನಿನಡಿ ರಚಿತವಾದ ಮಂಡಳಿ ಇಲ್ಲ. ಫಿಸಿಯೋಥೆರಪಿಗೆ 2021ರ ಕೇಂದ್ರ ಕಾಯ್ದೆಯಲ್ಲಿ ಜಾಗ ಸಿಕ್ಕಿದೆ. ಖಾಸಗಿ ಚಿಕಿತ್ಸಾಲಯ ನಡೆಸುವವರು 2007ರ ರಾಜ್ಯ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಮೂರು ದಿನ ಮಂಟಪ ಬಾಡಿಗೆಗೆ ಹಿಡಿದು, ನಾಲ್ಕನೆಯ ದಿನ ಇನ್ನೊಂದು ಊರಿಗೆ ಹೋಗುವವರನ್ನು ಯಾರು ಕೇಳುತ್ತಾರೆ? ಮಂಟಪದವರು ಬಾಡಿಗೆ ಕೇಳುತ್ತಾರೆ, ಅಷ್ಟೇ. ಕರಪತ್ರದಲ್ಲಿ ಹೆಸರಿಗೆ ಮೊದಲು ಡಾಕ್ಟರ್ ಎಂದಿತ್ತು, ಹೆಸರಾದ ಮೇಲೆ ಪದವಿ ಏನೂ ಇರಲಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಇಂಥ ಶಿಬಿರದ ಮೊದಲ ದಿನವೇ ಒಬ್ಬರನ್ನು ಕಳಿಸಿ ಪದವಿ ಪತ್ರ ತೋರಿಸಿ ಎಂದು ಕೇಳಿದರೆ ಅರ್ಧ ಶಿಬಿರಗಳು ಮಧ್ಯಾಹ್ನದೊಳಗೆ ಮಡಚುವ ಮಂಚ ಮಡಚುತ್ತವೆ.

ನೇಕಾರರಿಗೆ ಸರ್ಕಾರ ಕೊಡುವ ಕಣ್ಣಿನ ಶಿಬಿರ, ಕನ್ನಡಕಗಳಿಗೆ ನಮ್ಮ ತಕರಾರಿಲ್ಲ. ಇಳಕಲ್, ಗುಳೇದಗುಡ್ಡ, ಕಮತಗಿ, ರಬಕವಿ-ಬನಹಟ್ಟಿ, ಎಲ್ಲಿ ಮಗ್ಗದ ಸದ್ದಿದೆಯೋ ಅಲ್ಲಿ ವಾರಕ್ಕೊಂದು ದಿನವಾದರೂ ಕಲಿತ ಫಿಸಿಯೋಥೆರಪಿಸ್ಟ್ ಒಬ್ಬರು ಬಂದು ಕೂರಲಿ. ಯಂತ್ರ ಬೇಡ, ಕಟ್ಟಡ ಬೇಡ. ಒಂದು ಚಾಪೆ, ಒಂದು ಗಾಳಿಚೀಲ, ಕೇಳುವ ವ್ಯವಧಾನವಿರುವ ಒಬ್ಬ ಮನುಷ್ಯ ಸಾಕು. ನನ್ನ ಹೆಂಡತಿಯಂಥವರು ಬಾಗಲಕೋಟೆಗೆ ವಾರಕ್ಕೆರಡು ಸಲ ಹೋಗುವುದಿಲ್ಲ. ಹೋಗಲು ನಾವೂ ಬಿಡುವುದಿಲ್ಲ ಎಂಬ ನಿಜವನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಕೊಂಡಿ ಹಾಕುವವರು ಯಾರು ಎಂಬ ಪ್ರಶ್ನೆ ಮೊದಲು ಏಳುತ್ತದೆ.

ನಿಮ್ಮಿಂದ ಕೇಳುವುದು ಒಂದೇ. ಪತ್ರಿಕೆಯೊಳಗೆ ಸೇರುವ ಆರೋಗ್ಯದ ಕರಪತ್ರದಲ್ಲಿ ಪದವಿ ಮತ್ತು ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಸೇರಿಸಬೇಡಿ ಎಂದು ನಿಮ್ಮ ಏಜೆಂಟರಿಗೆ ಒಂದು ಮಾತು ಹೇಳಿ. ನಾನು ಹೇಳಿ ನೋಡಿದೆ; ‘ಕಾಕಾ, ನೂರಕ್ಕೆ ಇಷ್ಟು ಎಂದು ಕೊಡುತ್ತಾರೆ, ಓದುವುದಕ್ಕೆ ಯಾರಿಗೆ ಪುರುಸೊತ್ತಿದೆ’ ಎಂದ ಹುಡುಗ. ಈ ಸಲದ ಹಳದಿ ಕಾಗದವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹಿಂಬದಿಯಲ್ಲಿ ಮೊಮ್ಮಗಳು ಹದಿನೇಳರ ಮಗ್ಗಿ ಬರೆದಿದ್ದಾಳೆ, ಎರಡು ಕಡೆ ತಪ್ಪಿದೆ. ಅದನ್ನು ನೋಡಬೇಡಿ.

ಇಂತಿ,
ಕುಣಿ ಮಗ್ಗದ ನೇಕಾರ
ಇಳಕಲ್, ಬಾಗಲಕೋಟೆ ಜಿಲ್ಲೆ
(ಹೆಸರು ಪ್ರಕಟಿಸಬೇಡಿ. ಕ್ಷೌರಿಕ ಗೆಳೆಯ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾನೆ.)